ಮಂದ್ರಕ್ಕೊಂದು ಸ್ಪೀಕರ್

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪಗಿರುವ ‘ಇ’ ತಂತಿಯನ್ನು ಎಲ್ಲೂ ಒತ್ತದೆ ಬಿಟ್ಟು ಮೀಟಿದರೆ ಸೆಕೆಂಡಿಗೆ 41 ಸಲ ಅದುರುತ್ತದೆ. ಆರ್ಕೆಸ್ಟ್ರಾ ಕೇಳಲು ಬಂದವರು ಗಾಯಕರ ದನಿ ಕೇಳುತ್ತಾರೆ, ಕೊಳಲನ್ನು ಗುರುತಿಸುತ್ತಾರೆ, ತಬಲಾಕ್ಕೆ ತಲೆದೂಗುತ್ತಾರೆ. ಬೇಸನ್ನು ಬೇರೆಯಾಗಿ ಕೇಳಿಸಿಕೊಳ್ಳುವವರು ತೀರ ಕಡಿಮೆ. ಆದರೆ ಹಾಡಿನ ನಡುವೆ ಅದು ನಿಂತುಹೋದರೆ ಏನೋ ಬರಿದಾಯಿತು ಅನ್ನುವುದು ಕುಳಿತ ಅಷ್ಟೂ ಜನಕ್ಕೆ ಗೊತ್ತಾಗುತ್ತದೆ. ಮೈಸೂರಿನ ಗಣೇಶೋತ್ಸವದ, ರಾಜ್ಯೋತ್ಸವದ ವೇದಿಕೆಗಳಲ್ಲಿ ಡ್ರಮ್ಮಿನ ಪಕ್ಕ ನಿಂತು ಆ ಕೆಲಸ ಮಾಡಿಕೊಂಡು ಬಂದವನು ನಾನು. ತಂತಿಯ ಅದುರನ್ನು ಗಾಳಿಗೆ ದಾಟಿಸುವ ಕಾಗದದ ಕೋನಿನ ಮೇಲೆ ನನಗೆ ವಾದ್ಯದ ಮೇಲಿರುವಷ್ಟೇ ಅಕ್ಕರೆ.

ನನ್ನದು ಕಾಂಬೋ ಆಂಪ್. ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ ಕೂತಿರುವಂಥದು. 100 ವ್ಯಾಟ್, 12 ಇಂಚಿನ ಒಂದು ಸ್ಪೀಕರ್, ಎದುರಿಗೆ ಕಬ್ಬಿಣದ ಜಾಲರಿ, ಕೆಳಗೆ ಗಾಳಿ ಆಡಲು ಉದ್ದನೆಯ ಒಂದು ಬಾಯಿ. ನನಗಿಂತ ಮುಂಚೆ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಹಿರಿಯರು ಇನ್ನು ಸಾಕೆಂದು ನಿಲ್ಲಿಸಿದಾಗ ನನ್ನ ಕೈಗೆ ಬಂದದ್ದು. ಅದರ ಆಂಪ್ ಭಾಗಕ್ಕೆ ಹೆಸರಿಡುವಂತಿಲ್ಲ. ಹಳೆಯ ಕಾಲದ ಭಾರದ ಟ್ರಾನ್ಸ್‌ಫಾರ್ಮರ್, ಕೆಟ್ಟರೂ ಯಾವ ಊರಿನ ಮೆಕ್ಯಾನಿಕ್ಕಾದರೂ ಬಿಚ್ಚಿ ಕೂರಿಸಬಹುದಾದ ಸರ್ಕ್ಯೂಟು. ಸಾಲದೆ ಇದ್ದದ್ದು ಸ್ಪೀಕರು. ಮೇಲಿನ ಸ್ವರಗಳಲ್ಲಿ ಸೊಗಸಾಗಿಯೇ ಇತ್ತು. ದಪ್ಪ ತಂತಿಯಲ್ಲಿ ಮೂರನೆಯ ಫ್ರೆಟ್ಟಿನ ಮನೆಗಿಂತ ಕೆಳಗಿಳಿದರೆ ನಾದ ತೆಳ್ಳಗಾಗುತ್ತಿತ್ತು. ವಾಲ್ಯೂಮ್ ಏರಿಸಿದರೆ ನಾದದ ಜೊತೆ ಟಪ್ ಟಪ್ ಎಂದು ಕೋನಿಗೆ ಅಂಟಿದ ತಾಮ್ರದ ಸುರುಳಿ, ಅಂದರೆ ಕಾಯಿಲ್, ಹಿಂದಿನ ತಗಡಿಗೆ ಬಡಿಯುವ ಸದ್ದು.

ಇದು ಬರೀ ಸದ್ದಿನ ತೊಂದರೆಯಾಗಿ ನಿಲ್ಲುವುದಿಲ್ಲ. ನುಡಿಸುವವನ ಕೈ ಅವನ ಕಿವಿಯ ಮಾತು ಕೇಳುತ್ತದೆ. ಕೆಳಗಿನ ಸ್ವರ ಕೇಳಿಸದಿದ್ದರೆ ಬೆರಳು ತಾನಾಗಿ ಜೋರಾಗಿ ಎಳೆಯುತ್ತದೆ, ಮಣಿಕಟ್ಟು ಬಿಗಿಯುತ್ತದೆ, ಲಯ ತುಸು ಮುಂದೋಡುತ್ತದೆ. ಇನ್ನೂ ಕೆಲವು ದಿನ ಹೋದರೆ ಕೈ ಆ ಸ್ವರಗಳ ಹತ್ತಿರವೇ ಹೋಗದೆ ಒಂದು ಸ್ಥಾಯಿ ಮೇಲಿನದನ್ನು ಹುಡುಕಿಕೊಳ್ಳುತ್ತದೆ. ಅದರ ನಷ್ಟ ಏನೆಂದು ತಿಳಿಯಲು 1981ರ ‘ಗೀತಾ’ ಚಿತ್ರದ ಹಾಡುಗಳನ್ನೇ ನೋಡಿ. ಇಳಯರಾಜ ಅಲ್ಲಿ ಬೇಸ್ ಗಿಟಾರಿಗೆ ಬರೀ ತಾಳಕ್ಕೆ ಒತ್ತು ಕೊಡುವ ಕೂಲಿ ಕೆಲಸ ಕೊಟ್ಟಿಲ್ಲ. ಅದಕ್ಕೂ ಒಂದು ಹಾಡು ಬರೆದುಕೊಟ್ಟಿದ್ದಾರೆ. ಗಾಯಕರ ಸಾಲು ಮೇಲೇರುವಾಗ ಬೇಸ್ ಕೆಳಗಿಳಿದು ಅದಕ್ಕೆ ಎದುರುತ್ತರ ಕೊಡಬೇಕು. ಆ ಇಳಿಯುವ ಹಾದಿಯಲ್ಲಿ ಕೊನೆಯ ಮೆಟ್ಟಿಲೇ ಇಲ್ಲವೆಂದರೆ ಇಳಿದು ಏನು ಪ್ರಯೋಜನ?

ಸೌಂಡ್ ಸಿಸ್ಟಂನವರು ಇದಕ್ಕೊಂದು ಮಾತು ಹೇಳುತ್ತಾರೆ: “ಸ್ಟೇಜ್ ಮೇಲೆ ಹೆಂಗಿದ್ರೇನಣ್ಣ, ಲೈನ್ ಹೆಂಗಿದ್ರೂ ನಮ್ ಮಿಕ್ಸರ್‌ಗೆ ಬರುತ್ತಲ್ಲ. ಜನಕ್ಕೆ ನಾವ್ ಕೇಳಿಸ್ತೀವಿ.” ಮಾತು ನಿಜ. ಜನಕ್ಕೆ ಅವರ ದೊಡ್ಡ ಪೆಟ್ಟಿಗೆಗಳು ಕೇಳಿಸುತ್ತವೆ. ಆದರೆ ಆ ಪೆಟ್ಟಿಗೆಗಳು ಜನರ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ಹಿಂದೆ ನಿಂತ ನನಗೂ ಡ್ರಮ್ಮಿನವರಿಗೂ ಸಿಗುವುದು ಮಸುಕಾದ ಗುಡುಗುಡು ಮಾತ್ರ. ನಾನು ನುಡಿಸುವುದು ನನ್ನ ಕಾಲ ಬಳಿ ಇರುವ ಪೆಟ್ಟಿಗೆಯನ್ನು ಕೇಳಿಕೊಂಡು. ಅದು ಕೆಟ್ಟದಾಗಿ ಹೇಳಿದರೆ ಮಿಕ್ಸರಿಗೆ ಹೋಗುವುದೂ ಕೆಟ್ಟ ನುಡಿಸಾಣಿಕೆಯೇ.

ಈ ಕಷ್ಟ ಬೇಸ್ ಗಿಟಾರ್ ಹುಟ್ಟಿದಂದಿನಿಂದ ಅದರ ಜೊತೆಗೇ ಇದೆ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುತ್ತಿದ್ದವರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ ಸಿಕ್ಕಿತು. ಆದರೆ ಹಲಗೆಯಂಥ ಮೈಯ ಆ ವಾದ್ಯಕ್ಕೆ ತನ್ನದೇ ದನಿ ಇಲ್ಲ, ದನಿ ಕೊಡುವ ಯಂತ್ರ ಬೇಕು. ಮರುವರ್ಷವೇ 15 ಇಂಚಿನ ಒಂದು ಸ್ಪೀಕರಿನ ಬಾಸ್‌ಮ್ಯಾನ್ ಆಂಪ್ ಬಂತು. ಕೆಲವೇ ವರ್ಷಗಳಲ್ಲಿ ಅದು 10 ಇಂಚಿನ ನಾಲ್ಕು ಸ್ಪೀಕರುಗಳ, ಬೆನ್ನು ತೆರೆದಿರುವ ಪೆಟ್ಟಿಗೆಯಾಯಿತು. ಬೆನ್ನು ತೆರೆದಿದ್ದರೆ ಕೋನಿನ ಹಿಂದಿನಿಂದ ಹೊರಟ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ, ಅದೂ ಕೆಳಸ್ವರಗಳಲ್ಲೇ ಹೆಚ್ಚು. ಹಾಗಾಗಿ ಬೇಸಿಗೆಂದು ಮಾಡಿದ ಆ ಆಂಪನ್ನು ಗಿಟಾರಿನವರು ಎತ್ತಿಕೊಂಡರು. ಲಂಡನ್ನಿನ ಜಿಮ್ ಮಾರ್ಷಲ್ ಅವರ ಮೊದಲ ಆಂಪು ಅದರದೇ ಸರ್ಕ್ಯೂಟಿನ ಮೇಲೆ ನಿಂತಿತು. ಬೇಸಿನವರ ಪಾಲಿಗೆ ಸರಿಯಾದ ಉತ್ತರ ಬಂದದ್ದು 1960ರಲ್ಲಿ, ಆಂಪೆಗ್ ಕಂಪನಿಯ ಬಿ-15 ರೂಪದಲ್ಲಿ. ಅದರ ಶಕ್ತಿ ಬರೀ 25–30 ವ್ಯಾಟ್! ಮೋಟೌನ್ ಎಂಬ ಅಮೆರಿಕದ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಕ್ಲಬ್ಬುಗಳಲ್ಲಿ ನುಡಿಸಿದ್ದು ಅದರಲ್ಲೇ. ಒಂದು 15 ಇಂಚಿನ ಸ್ಪೀಕರು, ಅದಕ್ಕೆ ಹೊಂದುವ ಹಾಗೆ ಲೆಕ್ಕ ಹಾಕಿ ಕಟ್ಟಿದ ಪೆಟ್ಟಿಗೆ. ಇವತ್ತಿಗೂ ಅದರ ನಾದವನ್ನು ಬೇಸಿನವರು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬೇಸಿಗೆ ಸ್ಪೀಕರ್ ಬೇಕು ಅಂದರೆ ಮೊದಲು ಬರುವ ಪ್ರಶ್ನೆ “ಎಷ್ಟು ವ್ಯಾಟ್ ಸರ್?”. ನಂತರ ಸ್ಪೀಕರನ್ನು ತಿರುಗಿಸಿ ಬೆನ್ನು ತೋರಿಸುತ್ತಾರೆ, “ಮ್ಯಾಗ್ನೆಟ್ ನೋಡಿ, ಹೇಗಿದೆ!” ಎನ್ನುತ್ತಾರೆ. ವ್ಯಾಟ್ ಅನ್ನುವುದು ಆ ಸ್ಪೀಕರಿನ ಕಾಯಿಲ್ ಸುಡದೆ ಎಷ್ಟು ತಾಳುತ್ತದೆ ಎಂಬ ಲೆಕ್ಕ. ಎಷ್ಟು ಜೋರಾಗಿ ಕೇಳುತ್ತದೆ, ಎಷ್ಟು ಕೆಳಗೆ ಇಳಿಯುತ್ತದೆ ಎಂಬ ಎರಡನ್ನೂ ಅದು ಹೇಳುವುದಿಲ್ಲ. ಜೋರು ತಿಳಿಯಬೇಕಾದರೆ ಸೆನ್ಸಿಟಿವಿಟಿ ನೋಡಬೇಕು: 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಎಂದು. ಅದರಲ್ಲಿ 3 ಡೆಸಿಬೆಲ್ ಹೆಚ್ಚಿದ್ದರೆ ಆಂಪಿನ ಶಕ್ತಿ ಇಮ್ಮಡಿಯಾದಷ್ಟು ಲಾಭ. ನನ್ನಂಥ 100 ವ್ಯಾಟಿನ ಆಂಪ್ ಇರುವವರು ಕಣ್ಣಿಡಬೇಕಾದ್ದು ಇಲ್ಲಿ. ಇನ್ನೊಂದು ಸಂಗತಿ, ಒಳ್ಳೆಯ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೂ ಅದರಲ್ಲಿ ನಾದವಾಗಿ ಹೊರಬರುವುದು ಎರಡೋ ಮೂರೋ ವ್ಯಾಟ್. ಉಳಿದದ್ದೆಲ್ಲ ಕಾಯಿಲಿನ ಬಿಸಿ. ತಾಮ್ರ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಸ್ಪೀಕರ್ ಎಳೆದುಕೊಳ್ಳುವ ಕರೆಂಟು ಇಳಿಯುತ್ತದೆ. ಕಾರ್ಯಕ್ರಮದ ಉತ್ತರಾರ್ಧದಲ್ಲಿ ಸಣ್ಣ ಕಾಯಿಲಿನ ಸ್ಪೀಕರುಗಳ ದನಿ ಉಡುಗುವುದಕ್ಕೆ ಒಂದು ಕಾರಣ ಇದು.

ಇನ್ನು ಆಳದ ವಿಷಯ. ಒಂದು ಸ್ವರವನ್ನು ಅಷ್ಟೇ ಜೋರಾಗಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಸೆಕೆಂಡಿಗೆ 82 ಅದುರಿನಲ್ಲಿ, ಅಂದರೆ 82 ಹರ್ಟ್ಸಿನಲ್ಲಿ, ಒಂದು ಮಿಲಿಮೀಟರ್ ಸಾಕಾದರೆ 41ರಲ್ಲಿ ನಾಲ್ಕು ಬೇಕು. ಕಾಯಿಲ್ ಮ್ಯಾಗ್ನೆಟ್ಟಿನ ಹಿಡಿತ ತಪ್ಪದೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಸ್ಪೀಕರಿನ ವಿವರದಲ್ಲಿ ಎಕ್ಸ್‌ಮ್ಯಾಕ್ಸ್ ಎಂದು ಕೊಟ್ಟಿರುತ್ತಾರೆ. ಅಗ್ಗದ ಸ್ಪೀಕರಿನಲ್ಲಿ ಎರಡು ಮೂರು ಮಿಲಿಮೀಟರ್, ಬೇಸಿಗೆಂದೇ ಮಾಡಿದ್ದರಲ್ಲಿ ಐದು ಆರು. ಇಷ್ಟು ಸಣ್ಣ ಅಂತರದಲ್ಲಿ ನಮ್ಮ ಮಂದ್ರವೆಲ್ಲ ಅಡಗಿದೆ. 12 ಇಂಚು ಅಂದಮಾತ್ರಕ್ಕೆ ಎಲ್ಲ ಒಂದೇ ಜಾತಿ ಎಂದೂ ತಿಳಿಯಬಾರದು. ಗಿಟಾರಿಗೆಂದು ಮಾಡಿದ 12 ಇಂಚಿನ ಹೆಸರಾಂತ ಸ್ಪೀಕರುಗಳ ಸಹಜ ಕಂಪನವೇ 75 ಹರ್ಟ್ಸಿನ ಸುತ್ತಮುತ್ತ. ಅವಕ್ಕೆ ಬೇಸ್ ಉಣಿಸಿದರೆ ಕೋನ್ ಹರಿಯುತ್ತದೆ.

ಹಾಗಾದರೆ ಭಾರದ ಕೋನ್ ಹಾಕಿ ಸಹಜ ಕಂಪನವನ್ನು ಇಳಿಸಿದರೆ ಆಯಿತಲ್ಲ? ಇಲ್ಲಿ ನನಗೆ ಕಣ್ಣು ತೆರೆಸಿದ್ದು ನಮ್ಮ ಬೀದಿಯ ಮೃದಂಗ ವಿದ್ವಾಂಸರು. ಕಛೇರಿಗೆ ಮುಂಚೆ ಅವರು ಮೃದಂಗದ ಎಡ ಮುಚ್ಚಿಗೆಗೆ ತುಸು ನೀರು ಸವರಿ, ಕಲಸಿಟ್ಟ ರವೆಯನ್ನು ನಡುವೆ ದುಂಡಗೆ ಮೆತ್ತುತ್ತಾರೆ. ಮೆತ್ತುತ್ತ ಬಡಿದು ನೋಡುತ್ತಾರೆ, ತುಸು ತೆಗೆಯುತ್ತಾರೆ, ಮತ್ತೆ ಬಡಿಯುತ್ತಾರೆ. ತೊಗಲಿಗೆ ತೂಕ ಕೂಡಿದಷ್ಟೂ ಸ್ವರ ಇಳಿಯುತ್ತದೆ. “ಜಾಸ್ತಿ ಹಾಕಿದ್ರೆ ಇನ್ನೂ ಕೆಳಗೆ ಹೋಗುತ್ತಲ್ವಾ ಸ್ವಾಮಿ?” ಅಂತ ಕೇಳಿದೆ. “ಹೋಗುತ್ತೆ, ಆದ್ರೆ ಸತ್ತು ಹೋಗುತ್ತೆ. ಕೈ ಎಷ್ಟು ಬಡಿದರೂ ಮೇಲೇಳಲ್ಲ” ಅಂದರು. ಸ್ಪೀಕರಿನ ಕೋನಿಗೂ ಇದೇ ನಿಯಮ. ಭಾರ ಹೆಚ್ಚಿದರೆ ಆಳ ಸಿಗುತ್ತದೆ, ಜೋರು ಹೋಗುತ್ತದೆ. ಕೆಎಲ್‌ಎಚ್ ಎಂಬ ಅಮೆರಿಕದ ಸ್ಪೀಕರ್ ಕಂಪನಿಯ ಹಾಫ್‌ಮನ್ ಹೇಳಿದ್ದೂ ಇದರ ಮುಂದುವರಿಕೆಯೇ: ಚಿಕ್ಕ ಪೆಟ್ಟಿಗೆ, ಆಳದ ಸ್ವರ, ಹೆಚ್ಚಿನ ಜೋರು ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು. ಕಾಂಬೋ ಇಟ್ಟುಕೊಂಡವನ ಪೆಟ್ಟಿಗೆ ಮೊದಲೇ ಚಿಕ್ಕದು. ಉಳಿದೆರಡರ ನಡುವೆ ಎಲ್ಲಿ ಗೆರೆ ಎಳೆಯುವುದು ಎಂಬುದೊಂದೇ ಅವನ ಕೈಯಲ್ಲಿರುವುದು.

ಆ ಗೆರೆ ಎಳೆಯುವ ಲೆಕ್ಕವನ್ನು ಲೋಕಕ್ಕೆ ಕೊಟ್ಟವರು ಇಬ್ಬರು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅಲ್ಲೇ ಸಿಡ್ನಿಯಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ. ಅದಕ್ಕೂ ಮುಂಚೆ ಪೆಟ್ಟಿಗೆ ಕಟ್ಟುವುದೆಂದರೆ ಬಹುಮಟ್ಟಿಗೆ ಕಟ್ಟಿ ನೋಡಿ, ಕೆಡವಿ, ಮತ್ತೆ ಕಟ್ಟುವ ಕೆಲಸ. ಇವರಿಬ್ಬರು ಸ್ಪೀಕರಿನ ಗುಣವನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಟ್ಟರು. ಇವತ್ತು ಒಳ್ಳೆಯ ಸ್ಪೀಕರ್ ಕೊಂಡರೆ ಜೊತೆಗೆ ಬರುವ ಹಾಳೆಯಲ್ಲಿ ಎಫ್‌ಎಸ್, ವಿಎಎಸ್, ಕ್ಯೂಟಿಎಸ್ ಎಂದು ಇರುವುದು ಅವೇ. ಬಾಯಿ ಇರುವ ಪೆಟ್ಟಿಗೆಯಾದರೆ ಕ್ಯೂಟಿಎಸ್ (ಕೋನಿನ ಅದುರು ಎಷ್ಟು ಬೇಗ ಅಡಗುತ್ತದೆ ಎಂಬ ಅಳತೆ) 0.4ರ ಆಸುಪಾಸಿನಲ್ಲಿದ್ದರೆ ಕ್ಷೇಮ. ತುಂಬ ಹೆಚ್ಚಾದರೆ ಯಾವುದೋ ಒಂದೆರಡು ಸ್ವರ ಮಾತ್ರ ಧುಮುಗುಟ್ಟುತ್ತವೆ, ಉಳಿದವು ಹಿಂದೆ ಬೀಳುತ್ತವೆ.

ನನ್ನ ಪೆಟ್ಟಿಗೆಯ ಸ್ವಭಾವ ಏನು ಎಂದು ತಿಳಿಯಲು ಯಾವ ಉಪಕರಣವೂ ಬೇಕಾಗಲಿಲ್ಲ. ಜಾಲರಿ ಬಿಚ್ಚಿ, ವಾಲ್ಯೂಮ್ ಸಣ್ಣಗಿಟ್ಟು, ದಪ್ಪ ತಂತಿಯಲ್ಲಿ ಏಳನೆಯ ಮನೆಯಿಂದ ಒಂದೊಂದೇ ಮನೆ ಕೆಳಗಿಳಿಯುತ್ತ ನಿಧಾನವಾಗಿ ಮೀಟುತ್ತ ಕೋನನ್ನೇ ನೋಡುತ್ತ ಕೂತೆ. ಇಳಿದಂತೆಲ್ಲ ಕೋನಿನ ಅಲುಗಾಟ ಹೆಚ್ಚಬೇಕಷ್ಟೆ? ಮೂರನೆಯ ಮನೆಯ ಜಿ ಸ್ವರಕ್ಕೆ, ಅಂದರೆ 49 ಹರ್ಟ್ಸಿಗೆ, ಬಂದಾಗ ಕೋನ್ ಹೆಚ್ಚುಕಡಿಮೆ ನಿಂತೇಬಿಟ್ಟಿತು. ನಾದ ಮಾತ್ರ ತುಂಬಿ ಬರುತ್ತಿತ್ತು. ಕೆಳಗಿನ ಬಾಯಿಯ ಎದುರು ಊದುಬತ್ತಿ ಹಿಡಿದರೆ ಹೊಗೆಯ ಎಳೆ ಅಲ್ಲಿ ಚೆದುರಿ ಒಳಕ್ಕೂ ಹೊರಕ್ಕೂ ತುಯ್ಯುತ್ತಿತ್ತು. ಆ ಸ್ವರದಲ್ಲಿ ನುಡಿಯುವುದು ಪೆಟ್ಟಿಗೆಯ ಗಾಳಿಯೇ. ಕೋನ್ ಅದನ್ನು ಎಬ್ಬಿಸುತ್ತದೆ ಅಷ್ಟೆ. ಅಲ್ಲಿಂದ ಒಂದು ಮನೆ, ಎರಡು ಮನೆ ಇಳಿದೆ. ಬಿಟ್ಟ ತಂತಿಗೆ ಬರುವಷ್ಟರಲ್ಲಿ ಕೋನ್ ಮತ್ತೆ ಹುಚ್ಚೆದ್ದು ಓಡಾಡತೊಡಗಿತು. ಪೆಟ್ಟಿಗೆಯ ಸ್ವಂತ ಸ್ವರಕ್ಕಿಂತ ಕೆಳಗೆ ಹೋದರೆ ಬಾಯಿಯ ಗಾಳಿ ಕೋನಿಗೆ ಎದುರು ನಿಲ್ಲುವುದಿಲ್ಲ, ಕೋನ್ ದಿಕ್ಕಿಲ್ಲದೆ ಬೀಸಾಡುತ್ತದೆ. ನನ್ನ ಟಪ್ ಟಪ್ ಸದ್ದಿನ ಮೂಲ ಅಲ್ಲಿತ್ತು. ಇಷ್ಟು ದಿನ ಆ ಆಂಪಿನ ಮುಂದೆ ನಿಂತು ನುಡಿಸಿದವನಿಗೆ ಅವತ್ತು ಅದರ ಒಳಗು ಕಂಡ ಹಾಗಾಯಿತು. ಸ್ಪೀಕರ್ ಬದಲಿಸುವ ಯೋಚನೆ ಇರುವ ಯಾರಾದರೂ ಹಣ ತೆಗೆಯುವ ಮೊದಲು ಇದೊಂದು ಪರೀಕ್ಷೆ ಮಾಡಲೇಬೇಕು.

ಹಳೆಯದಕ್ಕೇ ಹೊಸ ಕೋನ್ ಹಾಕಿಸುವ ದಾರಿಯೂ ಇತ್ತು. ನಮ್ಮ ಕಡೆ ಈ ಕಸುಬಿನವರು ಇನ್ನೂ ಇದ್ದಾರೆ, ದೇವರ ದಯೆ. ನಾನು ಹೋದ ಅಂಗಡಿಯ ಸಾಬರು ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು, ಎರಡು ಹೆಬ್ಬೆರಳನ್ನು ಕೋನಿನ ಎರಡು ಕಡೆ ಸಮನಾಗಿ ಊರಿ, ಮೆಲ್ಲಗೆ ಒಳಕ್ಕೆ ತಳ್ಳಿ ಬಿಟ್ಟು, ಕಿವಿಯನ್ನು ಹತ್ತಿರ ತಂದು ಕೇಳಿದರು. ಗರಗರ ಎಂದು ಒಂದು ಸಣ್ಣ ಉಜ್ಜು. “ಕಾಯಿಲ್ ಉಜ್ತಾ ಇದೆ. ಕೋನು, ಕಾಯಿಲು, ಸ್ಪೈಡರು ಎಲ್ಲಾ ಹೊಸದು ಹಾಕ್ಕೊಡ್ತೀನಿ ಸರ್. ಆದ್ರೆ ನೀವು ಕೇಳ್ತಿರೋ ಆಳ ಇದರ ಹೊಟ್ಟೇಲಿಲ್ಲ.” ಕೆಲಸ ಬಿಟ್ಟುಕೊಟ್ಟು ನಿಜ ಹೇಳಿದ ಆ ಮಾತಿಗೆ ನಾನು ಋಣಿ.

ಕೊನೆಗೆ ಕೆಂಟಕಿಯ ಎಮಿನೆನ್ಸ್, ಇಂಗ್ಲೆಂಡಿನ ಸೆಲೆಸ್ಟಿಯನ್ ಎರಡೂ ಕಂಪನಿಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಪೆಟ್ಟಿಗೆಯ ಒಳ ಅಳತೆ ಹಿಡಿದು, ಆಂಪಿನ ಚಾಸಿ ಕೂರುವ ಜಾಗ ಕಳೆದರೆ ಉಳಿದದ್ದು ಸುಮಾರು 50 ಲೀಟರ್ ಗಾಳಿ. ಆ ಗಾಳಿಗೆ ಒಪ್ಪುವ, ಐದು ಮಿಲಿಮೀಟರಿಗೆ ಕಡಿಮೆ ಇಲ್ಲದ ಓಡಾಟದ, ಜೋರಿನಲ್ಲೂ ಹಳೆಯದಕ್ಕಿಂತ ಮೇಲಾದ, ನಿಯೋಡಿಮಿಯಮ್ ಮ್ಯಾಗ್ನೆಟ್ಟಿನ ಒಂದನ್ನು ಆರಿಸಿದೆ. ನಿಯೋಡಿಮಿಯಮ್ ದುಬಾರಿ, ಆದರೆ ತೂಕ ಫೆರೈಟಿನದಕ್ಕಿಂತ ಎಷ್ಟೋ ಕಡಿಮೆ. ರಾತ್ರಿ ಎರಡು ಗಂಟೆಗೆ ಪೆಂಡಾಲಿನಿಂದ ಟೆಂಪೋಗೆ ಆಂಪ್ ಎತ್ತಿ ಹಾಕುವವರಿಗೆ ಅದರ ಬೆಲೆ ಗೊತ್ತು. 4 ಓಮಿನದು ತೆಗೆದುಕೊಂಡರೆ ಪವರ್ ಇನ್ನೂ ಬರುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು. ನನ್ನ ಆಂಪಿನ ಬೆನ್ನಿನ ಮೇಲೆ 8 ಓಮಿಗೆ ಕಡಿಮೆ ಕೂಡದು ಎಂದು ಬರೆದಿದೆ. ಓಮ್ ಅರ್ಧಕ್ಕಿಳಿದರೆ ಟ್ರಾನ್ಸಿಸ್ಟರುಗಳು ಕೊಡಬೇಕಾದ ಕರೆಂಟು ಇಮ್ಮಡಿಯಾಗುತ್ತದೆ. ನಾಲ್ಕು ಹಾಡಿನ ಸಂಭ್ರಮಕ್ಕೆ ಆಂಪನ್ನೇ ಸುಡುವ ವ್ಯಾಪಾರ ಅದು. 8 ಓಮಿನದನ್ನೇ ತಂದೆ.

ಕೂರಿಸುವ ಕೆಲಸ ಒಂದು ಮಧ್ಯಾಹ್ನದ್ದು. ಹಳೆಯದನ್ನು ತೆಗೆದಾಗ ಅದರ ಅಂಚಿನ ಕೆಳಗಿನ ಕಾರ್ಕ್ ಒಣಗಿ ಪುಡಿಯಾಗಿತ್ತು. ಅಲ್ಲಿಂದ ಗಾಳಿ ಸೋರುತ್ತಿದ್ದದ್ದಕ್ಕೆ ಮರದ ಮೇಲೆ ಧೂಳಿನ ಕಪ್ಪು ಗೆರೆಗಳೇ ಸಾಕ್ಷಿ. ಅದನ್ನೆಲ್ಲ ಕೆರೆದು ಹೊಸ ಫೋಮ್ ಟೇಪ್ ಸುತ್ತಿದೆ. ಸ್ಪೀಕರ್ ಬದಲಿಸದಿದ್ದರೂ ಈ ಕೆಲಸವೊಂದನ್ನು ಮಾಡಿದರೆ ಎಷ್ಟೋ ಹಳೆಯ ಆಂಪುಗಳು ಅರ್ಧ ಗುಣವಾಗುತ್ತವೆ ಎಂದು ನನ್ನ ನಂಬಿಕೆ. ಹೊಸ ಸ್ಪೀಕರಿನ ತುದಿಗಳಿಗೆ ಮಲ್ಟಿಮೀಟರ್ ಹಿಡಿದೆ, 6 ಓಮಿಗೆ ತುಸು ಕಡಿಮೆ ತೋರಿಸಿತು. 8 ಓಮಿನ ಸ್ಪೀಕರಿಗೆ ಡಿಸಿಯಲ್ಲಿ ಬರಬೇಕಾದ್ದೂ ಅಷ್ಟೇ. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತಾಗಿಸಿದಾಗ ಕೋನ್ ಟಕ್ಕನೆ ಮುಂದಕ್ಕೆ ಬಂತು, ಪ್ಲಸ್ ಯಾವುದೆಂದು ಗೊತ್ತಾಯಿತು. ವೈರ್ ಸಾಲ್ಡರ್ ಮಾಡಿ, ಎಂಟು ಬೋಲ್ಟುಗಳನ್ನು ಎದುರುಬದುರಿನವು ಜೋಡಿಜೋಡಿಯಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆಯಿಂದ ಬಿಗಿದುಕೊಂಡು ಹೋದರೆ ಚೌಕಟ್ಟು ಸೊಟ್ಟಗಾಗಿ ಕಾಯಿಲ್ ಉಜ್ಜುವುದಕ್ಕೆ ಅಲ್ಲೇ ಮುಹೂರ್ತ. ಜಾಲರಿಯ ಹಿಂದೆಯೂ ನಾಲ್ಕು ತುಂಡು ಫೋಮ್ ಅಂಟಿಸಿದೆ, ಇಲ್ಲವಾದರೆ ಅದೇ ಝಣಗುಟ್ಟುತ್ತದೆ.

ಬಿಟ್ಟ ತಂತಿ ಮೀಟಿದಾಗ ಷೋಕೇಸಿನ ಗಾಜು ಮೊದಲು ಮಾತಾಡಿತು. ಕೂತ ಕುರ್ಚಿಯ ಕಾಲಿನಿಂದ ಆ ಸ್ವರ ಮೈಗೆ ಹತ್ತಿ ಬಂತು. ಪೆಟ್ಟಿಗೆ ಅದೇ ಆದ್ದರಿಂದ 41ರಲ್ಲಿ ಕೋನ್ ಇನ್ನೂ ದೊಡ್ಡದಾಗಿಯೇ ಓಡಾಡುತ್ತದೆ. ಆದರೆ ಓಡಾಡಲು ಈಗ ಜಾಗವಿದೆ, ತಗಡಿಗೆ ಬಡಿಯುವುದಿಲ್ಲ. ನನಗೆ ಹೆಚ್ಚಿನ ಸಂತೋಷ ಕೊಟ್ಟದ್ದು ಸ್ವರದ ಕೊನೆ. ತಂತಿಯನ್ನು ತಡೆದ ಕೂಡಲೇ ನಾದವೂ ನಿಲ್ಲುತ್ತದೆ, ಹಿಂದಿನ ಹಾಗೆ ಬಾಲ ಎಳೆಯುವುದಿಲ್ಲ. ಬೇಸಿನವನಿಗೆ ಸ್ವರ ಎಲ್ಲಿ ಶುರುವಾಗಬೇಕು ಎಂಬಷ್ಟೇ ಎಲ್ಲಿ ಮುಗಿಯಬೇಕು ಎಂಬುದೂ ಮುಖ್ಯ. ಡ್ರಮ್ಮಿನ ಕಿಕ್ಕಿಗೆ ಜಾಗ ಸಿಗುವುದು ಆ ಬಿಡುವಿನಲ್ಲಿ.

ತಂಡದ ಪ್ರಾಕ್ಟೀಸಿನಲ್ಲಿ ಯಾರಿಗೂ ಏನೂ ಹೇಳದೆ ನುಡಿಸಿದೆ. ಮೂರನೆಯ ಹಾಡಿಗೆ ಡ್ರಮ್ಮಿನವರು ಕಿಕ್ ಪೆಡಲಿನ ಏಟು ಮೆದು ಮಾಡಿದ್ದು ಕಂಡಿತು. ಕೀಬೋರ್ಡಿನ ಹುಡುಗ ಇಷ್ಟು ದಿನ ಎಡಗೈಯಲ್ಲಿ ಕೆಳಸ್ವರ ಒತ್ತಿ ಬೇಸನ್ನು ತುಂಬಿಕೊಡುತ್ತಿದ್ದ. ಅವತ್ತು ಅವನ ಎಡಗೈ ಮೆಲ್ಲಗೆ ಮೇಲಕ್ಕೆ ಸರಿದು ವಯೊಲಿನ್‌ಗಳ ಭಾಗ ಹಿಡಿಯಿತು. ‘ಪಲ್ಲವಿ ಅನುಪಲ್ಲವಿ’ ಚಿತ್ರದ ಒಂದು ಹಾಡಿಗೆ ಬೇಕಾದದ್ದೇ ಅದು, ಎರಡು ಕೈಯ ಕೆಲಸಕ್ಕೆ ಒಂದೇ ಕೈ ಬಿಡುವಿದ್ದದ್ದರಿಂದ ಆ ಹಾಡನ್ನು ನಾವು ಪಟ್ಟಿಯಿಂದ ಕೈಬಿಟ್ಟಿದ್ದೆವು. ಈ ಸಲದ ರಾಜ್ಯೋತ್ಸವಕ್ಕೆ ಸೇರಿಸಿಕೊಂಡಿದ್ದೇವೆ.

ತಂಡಕ್ಕೆ ಹೊಸದಾಗಿ ಬಂದ ಹುಡುಗನ ಹತ್ತಿರ ಐದು ತಂತಿಯ ಬೇಸ್ ಇದೆ. ಅದರ ಕೆಳಗಿನ ‘ಬಿ’ 31 ಹರ್ಟ್ಸು. “ಅಣ್ಣಾ, ನನ್ನದನ್ನೂ ಇದಕ್ಕೇ ಹಾಕ್ಲಾ?” ಎಂದ. ಹಾಕಬಹುದು, ಮೇಲಿನ ಸ್ಥಾಯಿಯ ನೆರಳಿನಿಂದ ಕಿವಿ ಆ ಸ್ವರವನ್ನು ಊಹಿಸಿಕೊಳ್ಳುತ್ತದೆ. ಆದರೆ 50 ಲೀಟರಿನ, 49ಕ್ಕೆ ಕೂತ ಪೆಟ್ಟಿಗೆ ಅದನ್ನು ನಿಜವಾಗಿ ನುಡಿಯದು, ಎಂಥ ಸ್ಪೀಕರ್ ಹಾಕಿದರೂ. ಅದಕ್ಕೆ ದೊಡ್ಡ ಪೆಟ್ಟಿಗೆಯನ್ನೇ ಕಟ್ಟಬೇಕು. 18 ಮಿಲಿಮೀಟರಿನ ಪ್ಲೈವುಡ್ಡಿನಲ್ಲಿ, ಬಾಯಿಯನ್ನು ಇನ್ನೂ ಉದ್ದ ಮಾಡಿ, 15 ಇಂಚಿನ ಸ್ಪೀಕರಿಗೆ ಅಳತೆ ಬರೆದಿದ್ದೇವೆ. ಬಡಗಿಯವರು ಬರುವ ವಾರ ಹಲಗೆ ಕೊಯ್ದುಕೊಡುತ್ತೇನೆ ಎಂದಿದ್ದಾರೆ.